ಸಡಿಲ ಸ್ಕ್ರೂವಿನ ಮೇಲೆ ಹಳದಿ ಗೆರೆ

"ಪೆಡಲ್ ಮೇಲೆ ಕಾಲಿಡಬೇಡಿ ಮೇಸ್ತ್ರಿ. ಮೊದಲು ನೋಡಿ, ಆಮೇಲೆ ಮುಟ್ಟಿ."

ಇನ್‌ಸ್ಪೆಕ್ಟರ್ ಮೇಡಂ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಕಾಲು ಹಿಂದಕ್ಕೆ ತೆಗೆದುಕೊಂಡೆ. ಕಾರಿನ ಪೆಡಲ್ ಮುಟ್ಟಬೇಡ ಎಂದು ನನ್ನ ಜನ್ಮದಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಆದರೆ ಪೊಲೀಸ್ ಠಾಣೆಯ ಹಿತ್ತಲು ಸಿಟ್ಟು ತೋರಿಸುವ ಜಾಗವಲ್ಲ. ನುಂಗಿಕೊಂಡೆ.

ಎದುರಿಗಿದ್ದದ್ದು ನನ್ನ ಅಕ್ಕನ ಮನೆಯ ಬಿಳಿ ಡೀಸೆಲ್ ಕಾರು. ಮನೆಯವರೆಲ್ಲ ಅದನ್ನು 'ಮುದುಕಿ' ಎನ್ನುತ್ತಿದ್ದರು. ನಿನ್ನೆ ಬೆಳಿಗ್ಗೆ ಭಾವ ಅದನ್ನು ನನ್ನ ಗ್ಯಾರೇಜಿನಿಂದ ತೆಗೆದುಕೊಂಡು ಹೋದವರು, ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಹತ್ತದೆ ಮೋರಿಯ ಕಟ್ಟೆಗೆ ಗುದ್ದಿದ್ದರು. ಅದರ ಬ್ರೇಕ್ ಕೆಲಸ ಮುಗಿಸಿ ಕೀ ಕೊಟ್ಟವನು ನಾನು.

ಭಾವ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಲೆಗೆ ಏಟು, ಎರಡೂ ಕಾಲು ಮುರಿದಿವೆ. ಕೈಗಳಿಗೆ ಒಂದು ಗೀರೂ ಇಲ್ಲ. "ದರ್ಜಿ ಕೈ, ದೇವರು ಉಳಿಸಿದ" ಎಂದು ಆಸ್ಪತ್ರೆಯಲ್ಲಿ ಯಾರೋ ಅಂದರು. ಅಕ್ಕ ಮಾತ್ರ ನನ್ನನ್ನು ನೋಡಿದ ಕೂಡಲೇ ಮುಖ ಗೋಡೆಗೆ ತಿರುಗಿಸಿದಳು. "ನನ್ನ ಕಣ್ಣೆದುರಿಗೆ ನಿಲ್ಲಬೇಡ, ಹೋಗು." ಅಷ್ಟೇ. ಅಮ್ಮ ಹೋದ ಮೇಲೆ ನನಗೆ ಅನ್ನ ಕಲಸಿ ತಿನ್ನಿಸಿದವಳು ಅವಳು. ಜೈಲಿಗೆ ಹಾಕುತ್ತಾರೆ ಅಂದಾಗ ಹೆದರದ ನಾನು ಆ ಮಾತಿಗೆ ನಿಂತಲ್ಲೇ ಒಣಗಿಹೋದೆ.

"ಸಂಜೆಯೊಳಗೆ ನಿಮ್ಮನ್ನ ಒಳಗೆ ಹಾಕು ಅಂತ ಮೇಲಿನಿಂದ ಹೇಳಿದ್ದಾರೆ" ಎಂದರು ಮೇಡಂ. "ನನಗೂ ನಿಮ್ಮ ಮೇಲೆ ಅನುಮಾನ ಇದೆ. ಆದರೆ ಇದು ನಿಮ್ಮ ಅಕ್ಕನ ಕಾರು. ತನ್ನ ಕೈಯಾರೆ ಕೆಡಿಸಿದವನು ಅದನ್ನ ನೋಡೋದಕ್ಕೆ ಇಷ್ಟೊಂದು ಗೋಗರೆಯಲ್ಲ. ನೋಡಿ. ಏನು ಹೇಳ್ತೀರೋ ಅದನ್ನ ನನಗೆ ತೋರಿಸಿ ಹೇಳಿ."

ಬಾನೆಟ್ ಬಾಗಿ ಹೋಗಿತ್ತು. ಕಂಬಿ ಹಾಕಿ ಎತ್ತಿದೆ.

ಬ್ರೇಕ್ ಆಯಿಲ್ ಡಬ್ಬಿ ಖಾಲಿ.

ಎಡಗಡೆ ಮುಂದಿನ ಚಕ್ರದ ಹತ್ತಿರ ನಾನೇ ಹೊಸದಾಗಿ ಹಾಕಿದ ಪೈಪ್ ಕಿತ್ತು ನೇತಾಡುತ್ತಿತ್ತು.

"ಆಯಿಲ್ ಪೂರ್ತಿ ಸೋರಿದೆ" ಎಂದರು ಮೇಡಂ. "ನೀವು ಹಾಕಿದ ಪೈಪೇ ತಾನೆ?"

"ನಾನು ಹಾಕಿದ್ದೇ. ಆದರೆ ನೋಡಿ, ಕಿತ್ತಿರೋದು ಜಾಯಿಂಟಿನಲ್ಲಿ ಅಲ್ಲ, ನಡುವೆ. ಗುದ್ದಿದಾಗ ಮಡ್‌ಗಾರ್ಡ್ ಒಳಗೆ ನುಗ್ಗಿ ಕತ್ತರಿಸಿದೆ. ನಾನು ಬಿಗಿ ಮಾಡಿದ ನಟ್ಟು ಇಲ್ಲಿದೆ. ಇದರ ಮೇಲೆ ಹಳದಿ ಗೆರೆ ಕಾಣ್ತಿದೆಯಾ?"

ಕಣ್ಣು ಕಿರಿದು ಮಾಡಿ ನೋಡಿದರು. "ಏನಿದು, ಉಗುರು ಬಣ್ಣನಾ?"

"ಉಗುರು ಬಣ್ಣವೇ. ನಮಗೆ ಕೆಲಸ ಕಲಿಸಿದ ದೊಡ್ಡ ಮೇಸ್ತ್ರಿ ಮಾಡಿದ ರೂಢಿ. ನಟ್ಟು ಬಿಗಿ ಆದ ತಕ್ಷಣ ನಟ್ಟಿನಿಂದ ಬಾಡಿ ಮೇಲಕ್ಕೆ ಒಂದು ಗೆರೆ. ಯಾರಾದರೂ ಬಿಚ್ಚಿದರೆ ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ನಿಲ್ಲುತ್ತೆ. ಗೆರೆ ಎಳೆಯದೆ ಸ್ಪ್ಯಾನರ್ ಕೆಳಗಿಟ್ಟರೆ ಕಪಾಳಕ್ಕೆ ಬೀಳ್ತಿತ್ತು. ಈ ಗೆರೆ ನೆಟ್ಟಗಿದೆ. ನನ್ನ ಕೆಲಸ ಬಿಚ್ಚಿಕೊಂಡಿಲ್ಲ."

"ಇದು ನಿಮ್ಮ ಮಾತು. ಕೋರ್ಟಿಗೆ ಉಗುರು ಬಣ್ಣ ಸಾಕಾಗಲ್ಲ."

ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. ಚಾಲಕನ ಬಾಗಿಲ ಹತ್ತಿರ ನಿಂತು ಒಳಗೆ ಬಗ್ಗಿದರು.

"ಮೇಸ್ತ್ರಿ, ಇಲ್ಲಿ ಬನ್ನಿ. ಈ ಸೀಟು ಮುಂಚೆಯೂ ಹೀಗೇ ಮಲಗಿತ್ತಾ?"

ನೋಡಿದೆ. ಚಾಲಕನ ಸೀಟಿನ ಬೆನ್ನು ಹಿಂದಕ್ಕೆ ವಾಲಿತ್ತು. ಕೆಳಗಿನ ಹಲ್ಲುಚಕ್ರ ಮುರಿದು, ಕಬ್ಬಿಣದ ಪಟ್ಟಿ ಬಾಗಿತ್ತು. ಕಾರು ಮುಂದಕ್ಕೆ ಗುದ್ದಿದರೆ ಮನುಷ್ಯ ಮುಂದಕ್ಕೆ ಬೀಳುತ್ತಾನೆ. ಸೀಟು ಹಿಂದಕ್ಕೆ ಯಾಕೆ ಮುರಿಯುತ್ತದೆ?

ನನ್ನ ಬಾಯಿ ತಾನಾಗಿ ತೆರೆಯಿತು.

"ಮೇಡಂ, ಆಯಿಲ್ ಸೋರಿದರೆ ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತೆ. ಅದರ ಮೇಲೆ ಬಲ ಹಾಕಿ ಏನೂ ಪ್ರಯೋಜನ ಇಲ್ಲ. ಭಾವ ಎರಡೂ ಕಾಲಿಟ್ಟು, ಬೆನ್ನನ್ನ ಸೀಟಿಗೆ ಒತ್ತಿ ತುಳಿದಿದ್ದಾರೆ. ಸೀಟು ಮುರಿಯೋ ಹಾಗೆ. ಅಂದರೆ ಪೆಡಲ್ ಕಲ್ಲಾಗಿತ್ತು. ಕೆಳಗೆ ಹೋಗಲೇ ಇಲ್ಲ."

"ಕಲ್ಲಾಗೋದು ಯಾವಾಗ?"

"ಬೂಸ್ಟರ್ ಕೆಲಸ ಮಾಡದಿದ್ದಾಗ."

ಬೂಸ್ಟರ್ ಎಂದರೆ ಬ್ರೇಕಿಗೆ ಬಲ ಕೊಡುವ ದೊಡ್ಡ ಕಪ್ಪು ಡಬ್ಬಿ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನ ಹಾಗೆ ತನ್ನದೇ ಎಳೆತ ಇಲ್ಲ. ಗಾಳಿ ಎಳೆಯಲು ಬೇರೆ ಪಂಪ್ ಇಟ್ಟಿರುತ್ತಾರೆ. ಎಂಜಿನ್ ತಿರುಗಿದರೆ ಪಂಪ್, ಪಂಪ್ ತಿರುಗಿದರೆ ಬೂಸ್ಟರಿಗೆ ಬಲ. ಎಂಜಿನ್ ಅಕಸ್ಮಾತ್ ನಿಂತರೂ ಎರಡು ಮೂರು ಸಲ ತುಳಿಯುವಷ್ಟು ಬಲ ಬೂಸ್ಟರಿನಲ್ಲೇ ಉಳಿಯಬೇಕು. ಅದಕ್ಕಾಗಿ ಪೈಪಿನ ತುದಿಯಲ್ಲಿ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ವಾಲ್ವ್ ಇರುತ್ತದೆ. ಗಾಳಿ ಒಂದೇ ಕಡೆ ಹೋಗಬೇಕು, ವಾಪಸ್ ಬರಬಾರದು.

ಆ ವಾಲ್ವನ್ನು ಕಿತ್ತು ತೆಗೆದು ಬಾಯಿಗಿಟ್ಟು ಊದಿದೆ. ಗಾಳಿ ಹೋಯಿತು. ತಿರುಗಿಸಿ ಊದಿದೆ.

ಆಗಲೂ ಹೋಯಿತು.

"ನೀವೇ ಊದಿ" ಎಂದು ಕೈಗೆ ಕೊಟ್ಟೆ. ಮೇಡಂ ಕರ್ಚೀಫಿನಲ್ಲಿ ಒರೆಸಿ ಊದಿದರು. ಮುಖ ಬದಲಾಯಿತು.

ಬಿಸಿಲಿಗೆ ಹಿಡಿದು ನೋಡಿದೆವು. ಒಳಗಿನ ರಬ್ಬರ್ ರೆಪ್ಪೆ ಇರಲಿಲ್ಲ. ಹಳತಾದ ರಬ್ಬರ್ ಬಿರುಕು ಬಿಟ್ಟು ಪುಡಿಯಾಗಿ ಉದುರುತ್ತದೆ. ಇದನ್ನು ಬುಡದಲ್ಲಿ ನೀಟಾಗಿ, ಬಟ್ಟೆ ಕತ್ತರಿಸಿದ ಹಾಗೆ ಕತ್ತರಿಸಿದ್ದರು.

"ಸರಿ. ಇದು ಸಾಕಾ ಕೊಲ್ಲೋದಕ್ಕೆ?"

"ಸಾಲದು. ಎಂಜಿನ್ ಓಡ್ತಾ ಇರೋವರೆಗೂ ಇದು ಇಲ್ಲದಿದ್ದರೂ ಬ್ರೇಕ್ ಹತ್ತುತ್ತೆ, ಗೊತ್ತೂ ಆಗಲ್ಲ. ಇಳಿಜಾರಿನಲ್ಲಿ ಎಂಜಿನ್ ನಿಂತರೆ ಮಾತ್ರ ಸಾವು."

"ಗೇರ್ ಎಲ್ಲಿದೆ?"

"ನ್ಯೂಟ್ರಲ್. ಅದು ಆ ಮನೆಯ ಹಾಳು ಚಟ. ಡೀಸೆಲ್ ಉಳಿಯುತ್ತೆ ಅಂತ ಇಳಿಜಾರಿನಲ್ಲಿ ಗೇರ್ ತೆಗೆದು ಬಿಡೋದು. ಅಕ್ಕನಿಗೆ ಡ್ರೈವಿಂಗ್ ಕಲಿಸಿದ್ದೇ ಭಾವ, ಅವಳೂ ಹಾಗೇ. ನಾನು ಬಾಯಿ ಬಡ್ಕೊಂಡು ಸತ್ತೆ. ಗೇರಿನಲ್ಲಿ ಇದ್ದಿದ್ದರೆ ಚಕ್ರವೇ ಎಂಜಿನ್ನನ್ನ ತಿರುಗಿಸ್ತಾ ಇರ್ತಿತ್ತು, ಪಂಪ್ ಓಡ್ತಿತ್ತು."

"ಹಾಗಾದರೆ ಎಂಜಿನ್ ಯಾಕೆ ನಿಂತಿತು?"

ಅದೇ ಪ್ರಶ್ನೆ. ಮುದುಕಿಯ ಕಾಯಿಲೆಗಳೆಲ್ಲ ನನಗೆ ಬಾಯಿಪಾಠ. ಚಳಿಯಲ್ಲಿ ಒಂದು ಹೀಟರ್ ಪ್ಲಗ್ ಸತ್ತು, ಬಿಳಿ ಹೊಗೆ ಕಾರಿ, ಅರ್ಧ ಬೀದಿ ಎಬ್ಬಿಸಿ ಸ್ಟಾರ್ಟ್ ಆಗುತ್ತಿತ್ತು. ಮಸಿ ಕಟ್ಟಿದಾಗ ಏರಿನಲ್ಲಿ ಕರಿ ಹೊಗೆ ಬಿಟ್ಟುಕೊಂಡು ಆಮೆಯಾಗುತ್ತಿತ್ತು. ಇವೆರಡೂ ಗೊಣಗುವ ಕಾಯಿಲೆ, ಮೊದಲೇ ಹೇಳಿ ಬರುತ್ತವೆ. ಹೇಳದೆ ಕೇಳದೆ ಎಂಜಿನ್ ನಿಲ್ಲಿಸುವುದು ಒಂದೇ: ಡೀಸೆಲ್ ಲೈನಿಗೆ ಗಾಳಿ ಸೇರುವುದು.

ಡೀಸೆಲ್ ಫಿಲ್ಟರಿನ ತಲೆಯ ಮೇಲೆ ಗಾಳಿ ತೆಗೆಯುವ ಸಣ್ಣ ಸ್ಕ್ರೂ ಇದೆ. ಬೆರಳಿಂದ ಧೂಳು ಒರೆಸಿದೆ. ಹಳದಿ ಗೆರೆ ಒಂದೇ ಎಳೆಯಾಗಿ ಮಿರಮಿರ ಮಿಂಚುತ್ತಿತ್ತು.

"ಗೆರೆ ಸರಿ ಇದೆ. ಇದನ್ನ ಯಾರೂ..."

ಹೊಳೆಯುವ ಗೆರೆಯ ಪಕ್ಕದಲ್ಲಿ ಮಾಸಿದ ಇನ್ನೊಂದು ಗೆರೆ ಇತ್ತು. ನಾನೇ ಎಂದೋ ಎಳೆದದ್ದು. ಅದರ ಅರ್ಧ ಸ್ಕ್ರೂವಿನ ಮೇಲೆ, ಅರ್ಧ ಫಿಲ್ಟರಿನ ಮೇಲೆ. ಎರಡರ ನಡುವೆ ಅಕ್ಕಿಕಾಳಿನಷ್ಟು ದೂರ.

ಸ್ಕ್ರೂವನ್ನು ಉಗುರಿನಿಂದ ಒತ್ತಿದೆ. ಅಲುಗಿತು.

"ಏನಾಯ್ತು ಮೇಸ್ತ್ರಿ? ಮುಖ ಯಾಕೆ ಬಿಳಿಚಿಕೊಂಡಿತು?"

"ಯಾರೋ ಇದನ್ನ ಸ್ವಲ್ಪವೇ ಸಡಿಲ ಮಾಡಿದ್ದಾರೆ. ಏರು ಹತ್ತುವಾಗ ಟ್ಯಾಂಕ್ ಕೆಳಗಿರುತ್ತೆ, ಪಂಪ್ ಜೋರಾಗಿ ಎಳೆಯುತ್ತೆ, ಇಲ್ಲಿಂದ ಗಾಳಿ ಒಳಗೆ ಹೋಗುತ್ತೆ. ಗುಡ್ಡದ ತುದಿ ಮುಟ್ಟಿ ಕಾಲು ತೆಗೆದ ಕೂಡಲೇ ಎಂಜಿನ್ ಸತ್ತುಹೋಗುತ್ತೆ."

"ಅದು ಸರಿ. ಆದರೆ ನೀವು ಬೇರೆ ಏನೋ ನೋಡಿ ಹೆದರಿದಿರಿ."

ಈ ಹೆಂಗಸಿನ ಕಣ್ಣು ತಪ್ಪಿಸುವುದು ಆಗದ ಮಾತು.

"ಸಡಿಲ ಮಾಡಿದ ಮೇಲೆ ಗೆರೆ ಎಳೆದಿದ್ದಾನೆ ಮೇಡಂ. ಕಳ್ಳಕೆಲಸಕ್ಕೆ ಯಾರಾದರೂ ಗುರುತು ಹಾಕ್ತಾರಾ? ಅವನಿಗೆ ಹಾಕಿದ್ದೇ ಗೊತ್ತಿಲ್ಲ. ಸ್ಕ್ರೂ ಮುಟ್ಟಿದ ಕೈ ತಾನಾಗಿ ಬಣ್ಣದ ಬಾಟಲಿಗೆ ಹೋಗಿದೆ. ದೊಡ್ಡ ಮೇಸ್ತ್ರಿ ಹತ್ತಿರ ಏಟು ತಿಂದವರಿಗೆ ಮಾತ್ರ ಇರೋ ರೋಗ ಇದು."

"ಅಂಥವರು ಎಷ್ಟು ಜನ?"

"ಈಗ ಇರೋದು ಇಬ್ಬರೇ. ಒಬ್ಬ ನಾನು."

ಜೀಪಿನಲ್ಲಿ ಕೂತಾಗ ಮೇಡಂ ಕೇಳಿದರು: "ನಿನ್ನೆ ಕಾರು ತಗೊಂಡು ಹೋಗೋದಕ್ಕೆ ನಿಮ್ಮ ಭಾವನೇ ಬರೋದು ಅಂತ ಇತ್ತಾ?"

"ಇಲ್ಲ. ಅಕ್ಕ ಬರಬೇಕಿತ್ತು. ಗುಡ್ಡದ ಆಚೆ ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್ ಅವಳು, ದಿನಾ ಕಾರು ಓಡಿಸೋದು ಅವಳೇ. ನಿನ್ನೆ ಯಾರಿಗೋ ನೋವು ಜಾಸ್ತಿ ಆಯ್ತು ಅಂತ ಆಸ್ಪತ್ರೆ ಜೀಪೇ ಮನೆಗೆ ಬಂದು ಕರ್ಕೊಂಡು ಹೋಯ್ತು. ವಾಪಸ್ ಕರೆತರೋದಕ್ಕೆ ಭಾವ ಹೊರಟರು."

"ಕೀ ಕೊಟ್ಟಾಗ ಏನಂದರು?"

"'ಎಲ್ಲಾ ಸರಿ ಇದೆಯಾ' ಅಂದರು. 'ಕಣ್ಣು ಮುಚ್ಕೊಂಡು ಓಡಿಸಿ ಭಾವ' ಅಂದೆ."

ಹೇಳುತ್ತಲೇ ಒಂದು ನೆನಪಾಯಿತು. ಆ ಪ್ರಶ್ನೆ ಕೇಳುವಾಗ ಭಾವ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಭುಜದ ಮೇಲಿಂದ ಹಿಂದೆ ಎಲ್ಲೋ ನೋಡುತ್ತಿದ್ದರು.

ಗ್ಯಾರೇಜಿನ ಬೀದಿಯ ತಿರುವಿನಲ್ಲಿ ಮೇಡಂ ಜೀಪ್ ನಿಲ್ಲಿಸಿದರು. "ನಾನು ಶಟರ್ ಪಕ್ಕದಲ್ಲಿ ನಿಂತಿರ್ತೀನಿ. ಮಾತಾಡಿಸಿ. ಕೈ ಎತ್ತಿದರೆ ನಿಮ್ಮನ್ನೇ ಮೊದಲು ಒಳಗೆ ಹಾಕ್ತೀನಿ."

"ಕೈ ಕಟ್ಟಿಕೊಂಡೇ ಇರ್ತೀನಿ."

"ನಿಮ್ಮ ವಿಷಯ ಊರಿಗೆಲ್ಲ ಗೊತ್ತು ಮೇಸ್ತ್ರಿ. ಜೇಬಿನಲ್ಲಿಟ್ಟುಕೊಳ್ಳಿ."

ಒಳಗೆ ಬೆಂಚಿನ ಹತ್ತಿರ ಅವನಿದ್ದ. ನನ್ನ ಜೊತೆಗಾರ. ಹದಿನಾಲ್ಕು ನಂಬರ್ ಸ್ಪ್ಯಾನರನ್ನು ಎಲ್ಲಿಟ್ಟರೂ ಕಳೆದುಕೊಳ್ಳುವುದರಿಂದ ಅವನಿಗೆ 'ಹದ್ನಾಲ್ಕು' ಎಂದೇ ಹೆಸರು. ಹುಟ್ಟಿದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಯಾವುದೋ ವ್ಯಾನಿನ ಫಿಲ್ಟರನ್ನು ವೈಸ್ ಇಕ್ಕಳಕ್ಕೆ ಕಚ್ಚಿಸಿ ಜೋಡಿಸುತ್ತಿದ್ದ.

"ಬಿಟ್ರಾ ಅಣ್ಣಾ? ಅಕ್ಕ ಏನಂದ್ರು? ಭಾವಂಗೆ ಹೇಗಿದೆ?"

"ಹಾಗೇ ಇದ್ದಾರೆ. ನೀನು ಕೆಲಸ ಮಾಡು."

ಎರಡೂ ಕೈ ಪ್ಯಾಂಟಿನ ಜೇಬಿಗೆ ತುರುಕಿ ಅವನ ಎದುರು ನಿಂತೆ.

"ಮುದುಕಿಗೆ ನೀನೇನಾದರೂ ಕೈ ಹಾಕಿದ್ದಾ?"

"ನಾನಾ? ಇಲ್ಲಪ್ಪ. ನಿನ್ನ ಅಕ್ಕನ ಕಾರು ಮುಟ್ಟಿದರೆ ನೀನು ಸುಮ್ಮನಿರ್ತೀಯಾ? ಬೋಲ್ಟ್ ಒರೆಸಿದರೂ ಬೈತೀಯ."

"ಫಿಲ್ಟರ್ ಹತ್ತಿರ ಹೋಗಲಿಲ್ಲವಾ?"

"ಇಲ್ಲ ಅಂದ್ನಲ್ಲ." ಸ್ಪ್ಯಾನರ್ ಎರಡು ಸಲ ಎಳೆದ. "ಪೊಲೀಸರು ತಲೆ ಕೆಡಿಸಿದ್ದಾರೆ ನಿನಗೆ. ಬ್ರೇಕ್ ಹೋಗಿದ್ದಕ್ಕೂ ಡೀಸೆಲ್ ಫಿಲ್ಟರಿಗೂ ಏನು ಸಂಬಂಧ? ಅದು ಸಡಿಲ ಆದರೆ ಗಾಡಿ ನಿಂತುಹೋಗುತ್ತೆ ಅಷ್ಟೇ. ಯಾರಿಗೂ ಏನೂ ಆಗಲ್ಲ."

"ಸಡಿಲ ಆಗಿತ್ತು ಅಂತ ನಾನು ಹೇಳಲಿಲ್ಲವಲ್ಲೋ."

ಅವನು ಸ್ಪ್ಯಾನರನ್ನು ಇನ್ನೊಮ್ಮೆ ಎಳೆದ. "ಮಾತಿಗೆ ಹೇಳಿದೆ. ನೀನು ಫಿಲ್ಟರ್ ಫಿಲ್ಟರ್ ಅಂದರೆ ಇನ್ನೇನು ಅಂದ್ಕೋಬೇಕು? ನನ್ನ ಮೇಲೇ ಅನುಮಾನನಾ? ದೊಡ್ಡ ಮೇಸ್ತ್ರಿ ಆಣೆಗೂ..."

ಆಣೆ ಇಡುತ್ತಲೇ ಅವನ ಎಡಗೈ ಬೆಂಚಿನ ಮೇಲೆ ತಡಕಿತು. ಬಾಟಲಿ ಸಿಕ್ಕಿತು. ಮುಚ್ಚಳ ತಿರುಗಿತು. ಕಣ್ಣು ನನ್ನ ಮುಖದ ಮೇಲೆ, ಬಾಯಲ್ಲಿ ಆಣೆ, ಕೈ ಮಾತ್ರ ತನ್ನ ಪಾಡಿಗೆ ಫಿಲ್ಟರಿನ ಸ್ಕ್ರೂ ಮೇಲೆ ಹಳದಿ ಗೆರೆ ಎಳೆಯಿತು. ಕೊನೆಯಲ್ಲಿ ಸಣ್ಣ ಕೊಕ್ಕೆ. ಅವನ ಮುರಿದ ಕಿರುಬೆರಳು ಎಡವುವುದರಿಂದ ಯಾವಾಗಲೂ ಬೀಳುವ ಕೊಕ್ಕೆ.

ಮುದುಕಿಯ ಸ್ಕ್ರೂ ಮೇಲೂ ಆ ಕೊಕ್ಕೆ ಇತ್ತು. ನೋಡಿಯೂ ನೋಡದ ಹಾಗೆ ಮಾಡಿಕೊಂಡಿದ್ದೆ.

"ನಿನ್ನ ಕೈ ನೋಡ್ಕೋ" ಎಂದೆ.

ನೋಡಿಕೊಂಡ. ಬಾಟಲಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಹಳದಿ ಬಣ್ಣ ಗ್ರೀಸಿನ ಮೇಲೆ ಹರಿಯಿತು.

ನನ್ನ ಕೈ ಜೇಬಿನಿಂದ ಯಾವಾಗ ಬಂತೋ ಗೊತ್ತಿಲ್ಲ. ಅವನ ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿತ್ತು. "ನನ್ನ ಅಕ್ಕ ಕೂತ್ಕೊಳ್ಳೋ ಕಾರಲ್ಲೋ ಅದು!"

"ಮೇಸ್ತ್ರಿ!" ಶಟರ್ ಪಕ್ಕದಿಂದ ಮೇಡಂ ಧ್ವನಿ.

ಬಿಟ್ಟೆ. ಹದ್ನಾಲ್ಕು ಟಯರುಗಳ ರಾಶಿಯ ಮೇಲೆ ಕುಸಿದ. ಒಳಗೆ ಬಂದ ಮೇಡಂ ಬೆಂಚಿನ ಮೇಲೆ ಕೂತು ಅವನಿಗೆ ನೀರಿನ ಬಾಟಲಿ ಚಾಚಿದರು. "ಕುಡಿ. ಆಮೇಲೆ ಹೇಳು."

"ಸಾಯಿಸೋದಕ್ಕೆ ಅಲ್ಲ ಮೇಡಂ. ನನ್ನ ಮಕ್ಕಳಾಣೆ. ಗಾಡಿ ದಾರಿಯಲ್ಲಿ ನಿಲ್ಲಲಿ ಅಂತ ಅಷ್ಟೇ."

"ಯಾರು ಹೇಳಿದ್ದು?"

ನನ್ನ ಕಡೆ ನೋಡಿದ. ತಲೆ ತಗ್ಗಿಸಿದ.

"ಭಾವ."

"ಯಾವ ಭಾವ?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ನಿನ್ನ ಭಾವನೇ ಅಣ್ಣಾ. 'ಗುಡ್ಡದ ದಾರಿಯಲ್ಲಿ ಎರಡು ಸಲ ಕಾರು ಕೈಕೊಟ್ಟರೆ ಅವಳೇ ಬೇಸತ್ತು ಕೆಲಸ ಬಿಟ್ಟು ಮನೇಲಿರ್ತಾಳೆ. ಮನೆ ವಿಷಯ, ನಿಮ್ಮ ಅಣ್ಣನಿಗೆ ಹೇಳಬೇಡ, ಅವನು ಅಕ್ಕನ ಕಡೆ' ಅಂದರು. ಮೊನ್ನೆ ನೀನು ಊಟಕ್ಕೆ ಹೋದಾಗ ಸ್ವಲ್ಪ ಸಡಿಲ ಮಾಡಿದೆ."

"ಅವರು ಹೇಳಿದರೆ ನೀನು ಮಾಡಿಬಿಡ್ತೀಯಾ?"

"ಗಿರಾಕಿಗಳ ಎದುರಿಗೆ ನನ್ನನ್ನ ದನಕ್ಕೆ ಬೈದ ಹಾಗೆ ಬೈತೀಯಲ್ಲ, ನಿನಗೂ ಒಂದು ಸಲ ಮುಖ ಸಣ್ಣದಾಗಲಿ ಅನ್ನಿಸ್ತು. ನಿನ್ನ ಕೈಯಿಂದ ಹೋದ ಗಾಡಿ ದಾರಿಯಲ್ಲಿ ನಿಲ್ಲಲಿ ಅನ್ನಿಸ್ತು. ಇಷ್ಟೇ."

ಬಿದ್ದ ಬಾಟಲಿಯನ್ನು ಎತ್ತಿ ಬೆಂಚಿನ ಮೇಲಿಟ್ಟೆ.

"ಹಾಗಾದರೆ ಗೊತ್ತಿದ್ದೂ ಅವರೇ ಯಾಕೆ ಓಡಿಸಿದರು?" ಎಂದರು ಮೇಡಂ.

"ನಿನ್ನೆ ಬೆಳಿಗ್ಗೆ ಫೋನ್ ಮಾಡಿದರು. 'ಅವಳು ಜೀಪಲ್ಲಿ ಹೋದಳು, ಕಾರಿಗೆ ನಾನೇ ಬರ್ತಿದ್ದೀನಿ, ಅದನ್ನ ಬಿಗಿ ಮಾಡಿಬಿಡು' ಅಂದರು. ಹೂಂ ಅಂದೆ. ಆದರೆ ಅಣ್ಣ ಬಾನೆಟ್ ಹತ್ತಿರವೇ ನಿಂತು ನನಗೆ ಮಂಗಳಾರತಿ ಎತ್ತುತ್ತಾ ಇದ್ದ, ಹದಿನಾಲ್ಕರ ಸ್ಪ್ಯಾನರ್ ಎಲ್ಲಿ ಅಂತ. ಹತ್ತಿರ ಹೋಗೋದಕ್ಕೇ ಆಗಲಿಲ್ಲ. ಅಷ್ಟರಲ್ಲಿ ಭಾವ ಬಂದುಬಿಟ್ಟರು. 'ಎಲ್ಲಾ ಸರಿ ಇದೆಯಾ' ಅಂತ ನನ್ನ ಕಡೆ ನೋಡಿ ಕೇಳಿದರು. ಅಣ್ಣನ ಎದುರಿಗೆ ಇಲ್ಲ ಅಂತ ಹೇಗೆ ಹೇಳಲಿ? ತಲೆ ಆಡಿಸಿಬಿಟ್ಟೆ. ನಿಂತರೆ ನಿಲ್ಲಲಿ, ಹೋಗಿ ಬಿಗಿ ಮಾಡಿ ಬರೋಣ ಅಂದ್ಕೊಂಡೆ."

ನನ್ನ ಭುಜದ ಮೇಲಿಂದ ಭಾವ ನೋಡಿದ್ದು ಇವನನ್ನು. ಆ ಪ್ರಶ್ನೆ ನನಗಲ್ಲ. ಉತ್ತರ ಕೊಟ್ಟವನೂ ನಾನಲ್ಲ.

ಮೇಡಂ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಎತ್ತಿ ಹಿಡಿದರು. "ಇದು?"

"ಬೂಸ್ಟರ್ ವಾಲ್ವ್." ಬೆಪ್ಪನ ಹಾಗೆ ನೋಡಿದ. "ಇದಕ್ಕೇನಾಗಿದೆ?"

"ಒಳಗಿನ ರಬ್ಬರ್ ಕತ್ತರಿಸಿದ್ದು ಯಾಕೆ?"

"ರಬ್ಬರ್ ಕತ್ತರಿಸಿದ್ದಾರಾ?" ಒಂದು ಕ್ಷಣ ಬೇಕಾಯಿತು. ಆಮೇಲೆ ಸ್ಕ್ರೂ, ವಾಲ್ವ್, ಇಳಿಜಾರು, ಮೂರೂ ಅವನ ತಲೆಯಲ್ಲಿ ಕೂಡಿಕೊಂಡವು. ಬಿಳಿಚಿಕೊಂಡ. "ಅಣ್ಣಾ, ಅದು ಹೋದರೆ... ಗಾಡಿ ನಿಂತಾಗ ಬ್ರೇಕ್... ಅಯ್ಯೋ, ನನಗೆ ಗೊತ್ತಿಲ್ಲ! ನಾನು ಅದನ್ನ ಮುಟ್ಟಿಲ್ಲ!"

ಈ ಮುಖವನ್ನು ಮೂಗಿಗೆ ಗ್ರೀಸ್ ಹಚ್ಚಿಕೊಳ್ಳುತ್ತಿದ್ದ ವಯಸ್ಸಿನಿಂದ ನೋಡಿದ್ದೇನೆ. ಇದು ಸುಳ್ಳು ಹೇಳುವ ಮುಖವಲ್ಲ.

ಕಳೆದ ವಾರ ಭಾವ ಇದೇ ಬೆಂಚಿನ ಮೇಲೆ ಕೂತು ಟೀ ಹೀರುತ್ತಾ, ತೆರೆದ ಬಾನೆಟ್ಟಿನೊಳಗಿನ ಬೂಸ್ಟರ್ ವಾಲ್ವ್ ತೋರಿಸಿ ಕೇಳಿದ್ದರು: "ಇಷ್ಟು ಚಿಕ್ಕ ಪ್ಲಾಸ್ಟಿಕ್ ತುಂಡು ಯಾಕೆ ಇಟ್ಟಿದ್ದಾರೋ ಇಲ್ಲಿ?" ಭಾವನಿಗೆ ಕಾರಿನ ಮೇಲೆ ಆಸೆ ಹುಟ್ಟಿತಲ್ಲ ಎಂದು ಖುಷಿಪಟ್ಟು ಪೂರ್ತಿ ವಿವರಿಸಿದ್ದೆ.

ನನ್ನ ಫೋನ್ ಬಡಿದುಕೊಂಡಿತು. ಅಕ್ಕ.

ಮೇಡಂ ಸನ್ನೆ ಮಾಡಿದರು. ಸ್ಪೀಕರಿಗೆ ಹಾಕಿದೆ.

"ಪುಟ್ಟಾ..." ಅಳುತ್ತಿದ್ದಳು, ನಗುತ್ತಿದ್ದಳು. "ನಿನ್ನ ಭಾವ ಕಣ್ಣು ಬಿಟ್ಟರು ಕಣೋ! ನಿನ್ನೆ ನಿನಗೆ ಏನೇನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ. ಬಾರೋ ಬೇಗ."

"ಅಕ್ಕ, ನನ್ನ ಮಾತು ಕೇಳು..."

"ನೀನು ಮೊದಲು ನನ್ನ ಮಾತು ಕೇಳು. ಕಣ್ಣು ಬಿಟ್ಟವರು ನನ್ನನ್ನ ನೋಡಿ ಏನಂದರು ಗೊತ್ತಾ? 'ನೀನು ಹೇಗೆ ಬದುಕಿದೆ?' ಅಂದರು. ಪಾಪ, ಏಟಿಗೆ ಎಲ್ಲಾ ಮರೆತಿದ್ದಾರೆ. ನಾನೇ ಕಾರಲ್ಲಿದ್ದೆ ಅಂದ್ಕೊಂಡಿದ್ದಾರೆ. ಅಂಥಾ ಸ್ಥಿತೀಲೂ ನನ್ನದೇ ಯೋಚನೆ ನೋಡು ಅವರಿಗೆ."

ಮೇಡಂ ಆಗಲೇ ಜೀಪಿನ ಕಡೆ ಓಡುತ್ತಿದ್ದರು.

"ಅಕ್ಕ, ಪಕ್ಕದಲ್ಲಿ ಯಾರಿದ್ದಾರೆ? ನರ್ಸ್ ಇದ್ದಾರಾ?"

"ಅವರನ್ನೆಲ್ಲ ಭಾವನೇ ಆಚೆ ಕಳಿಸಿದರು. ನನ್ನ ಹತ್ತಿರ ಏನೋ ಮಾತಾಡಬೇಕಂತೆ. ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದರು ಅಂತೀಯ, ಬಿಡಲೇ ಇಲ್ಲ. ಈಗ ಬಾಗಿಲು ಹಾಕು ಅಂತಿದ್ದಾರೆ. ಒಂದು ನಿಮಿಷ ಇರು."

"ಅಕ್ಕಾ! ಹಾಕಬೇಡ! ಆಚೆ ಬಾ!"

ಅವಳು ಫೋನನ್ನು ಎಲ್ಲೋ ಕೆಳಗಿಟ್ಟಿದ್ದಳು. ಚಪ್ಪಲಿಯ ಸಪ್ಪಳ ದೂರ ಹೋಯಿತು.

ಆಮೇಲೆ ಚಿಲಕ ಬಿದ್ದ ಸದ್ದು.